ಒಡ್ಡಿನೊಳಗಿನ ನೀರು

ದೇವರಾಯ ಮಾಸ್ತರರು ಕಡಲ ದಂಡೆಯ ಗುಡಿಸಲಿನಲ್ಲಿದ್ದುಕೊಂಡು ವಿಂಡ್‌ಸರ್ಫಿಂಗ್ ಕಲಿಸುತ್ತಿದ್ದರು. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು, ಗಾಳಿ ಹಿಡಿದು ನೀರಿನ ಮೇಲೆ ಓಡುವ ವಿದ್ಯೆ ಅದು.

ಅವರದೊಂದು ಕ್ರಮವಿತ್ತು. ಸ್ಪರ್ಧೆಗೆ ಹೊರಟವರು ತಾವು ಓಡುವ ನೀರನ್ನು ತಾವೇ ಹುಡುಕಬೇಕು. ಮಾಸ್ತರರು ಬಂದು ನೋಡಿ ಒಪ್ಪಿದರೆ ಮಾತ್ರ ತಮ್ಮ ದೊಡ್ಡ ಹಾಯಿ ಕೊಡುತ್ತಿದ್ದರು.

ಶಿಷ್ಯೆ ಮಾದೇವಿಗೆ ಕರಾವಳಿಯಲ್ಲೇ ಎಲ್ಲರಿಗಿಂತ ವೇಗವಾಗಿ ಓಡಬೇಕೆಂಬ ಹಟ. ಈ ಸಲದ ಸ್ಪರ್ಧೆಗೆ ಜಾಗ ತೋರಿಸು ಎಂದು ಅದನ್ನು ನಡೆಸುವ ಸಂಘದವರು ಅವಳನ್ನೇ ಕೇಳಿದ್ದರು. ದಂಡೆ ದಂಡೆ ಅಲೆದು ಒಂದು ಸಂಜೆ ಓಡಿಬಂದಳು.

"ಸಿಕ್ತು ಮಾಸ್ತರ್ರೇ! ಗಾಳಿ ಜೋರು, ನೀರು ಮಾತ್ರ ಚಾಪೆ ಹಾಸಿದ ಹಾಗೆ!"

"ಎಲ್ಲಿ?"

"ಹೋಟೆಲಿನವರ ಕಲ್ಲಿನ ಒಡ್ಡಿನ ಒಳಗೆ. ಗಾಳಿ ಒಡ್ಡು ದಾಟಿ ಬರ್ತದೆ, ತೆರೆ ದಾಟೋದಿಲ್ಲ."

"ಆ ತೆರೆ ಎಲ್ಲಿಗೆ ಹೋಗ್ತದೆ?"

"ಎಲ್ಲಿಗಾದ್ರೂ ಹೋಗ್ಲಿ. ನನಗೇನು?"

ಹೋಟೆಲಿನಲ್ಲಿ ಉಳಿದ ದೊಡ್ಡವರು ತೆರೆಯ ಕಾಟವಿಲ್ಲದೆ ಈಜಲೆಂದು ಕಟ್ಟಿಸಿದ ಒಡ್ಡು ಅದು. ಊರಿನವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಮರುದಿನ ಮಾಸ್ತರರು ಬಂದರು. ಮಾದೇವಿ ಓಡಿದಳು. ಹಲಗೆ ನೀರಿಗೆ ತಾಗಿತೋ ಇಲ್ಲವೋ ಎನ್ನುವಂತೆ ಓಡಿದಳು. ಮಾಸ್ತರರು ನಿಂತಲ್ಲೇ ಚಪ್ಪಾಳೆ ತಟ್ಟಿದರು.

"ದೊಡ್ಡ ಹಾಯಿ ನನಗೆ ತಾನೇ?"

"ಹಸಿವಾಗ್ತಿದೆ ತಂಗೀ. ಮೊದಲು ಉಣ್ಣೋಣ, ಬಾ."

ಒಡ್ಡಿನ ಆಚೆ ಬದಿಗೆ ಕರೆದುಕೊಂಡು ಹೋದರು. ಅಲ್ಲಿ ಮೀನು ಮಾರುವ ದುರ್ಗಕ್ಕನ ಮನೆ. ಅಂಗಳವಿರಲಿಲ್ಲ. ಅಡುಗೆಮನೆಗೆ ಮೂರೇ ಗೋಡೆ.

ದುರ್ಗಕ್ಕ ಗಂಜಿ ಬಡಿಸಿದಳು, ಸುಟ್ಟ ಬಂಗುಡೆ ಮೀನು ಇಟ್ಟಳು.

"ಆಚೆ ಹಾಯಿ ಹಾರಿಸ್ತಿದ್ದದ್ದು ನೀನೇನೇ?"

"ಹೌದಕ್ಕ."

"ಚೆಂದ ಇತ್ತು. ಒಲೆ ಮುಂದೆ ಕೂತೇ ನೋಡಿದೆ. ಮೊದಲು ಈ ಕಡೆಗೊಂದು ಗೋಡೆ ಇತ್ತು, ಏನೂ ಕಾಣ್ತಿರಲಿಲ್ಲ."

ಮಾದೇವಿಗೆ ನಗು ಬಂತು. ದುರ್ಗಕ್ಕ ನಗಲಿಲ್ಲ.

ಅಷ್ಟರಲ್ಲಿ ಒಂದು ತೆರೆ ಅಡುಗೆಮನೆಯೊಳಗೇ ಬಂತು. ಮಾದೇವಿ ತಟ್ಟೆ ಹಿಡಿದು ಎದ್ದು ನಿಂತಳು. ದುರ್ಗಕ್ಕ ಗಂಜಿಯ ಪಾತ್ರೆ ಎತ್ತಿದಳು, ನೀರು ಹಿಂದೆ ಸರಿದ ಮೇಲೆ ಕೆಳಗಿಟ್ಟಳು.

"ಕೂತ್ಕೋ. ಒಡ್ಡಿಗೆ ಬಡಿದ ತೆರೆ ಸುಮ್ಮನೆ ಹೋಗ್ತದಾ? ತಿರುಗಿ ಇಲ್ಲಿಗೇ ಬರ್ತದೆ. ಒಡ್ಡು ತೆಗೀರಿ ಅಂತ ಊರೆಲ್ಲ ಕೂಗ್ತಿದ್ದೇವೆ. ಯಾರ ಕಿವಿಗೂ ಬೀಳೋದಿಲ್ಲ."

ಮಾದೇವಿ ಬೇಗ ಬೇಗ ಉಂಡು ಎದ್ದಳು.

ದಾರಿಯಲ್ಲಿ ಅವಳೇ ಬಾಯಿ ಬಿಟ್ಟಳು.

"ಒಡ್ಡು ಕಟ್ಟಿದ್ದು ನಾನಲ್ಲ."

"ಅಲ್ಲ."

"ನಾನು ಓಡದಿದ್ರೂ ಆ ಮನೆ ಉಳಿಯೋದಿಲ್ಲ."

"ಉಳಿಯೋದಿಲ್ಲ."

ಗುಡಿಸಲು ಬಂತು. ಮಾಸ್ತರರು ಒಳಗೆ ಹೋಗಿ ದೊಡ್ಡ ಹಾಯಿಯನ್ನು ತಂದು ಅವಳ ಹೆಗಲ ಮೇಲಿಟ್ಟರು.

"ನೀರು ಒಳ್ಳೇದಿದೆ. ಒಪ್ಪಿದೆ. ಸಂಘದವರಿಗೆ ಹೇಳು."

ಮಾದೇವಿ ಹಾಯಿ ಹೊತ್ತು ನಿಂತೇ ಇದ್ದಳು.

"ಅಲ್ಲಿ ಸ್ಪರ್ಧೆ ನಡೆದ್ರೆ ಜಾಗಕ್ಕೆ ಹೆಸರು ಬರ್ತದೆ, ಒಡ್ಡನ್ನು ಇನ್ಯಾರೂ ಮುಟ್ಟೋದಿಲ್ಲ. ಅಲ್ವಾ ಮಾಸ್ತರ್ರೇ?"

"ಮುಟ್ಟೋದಿಲ್ಲ."

ಅವಳು ಒಡ್ಡಿನ ಕಡೆಗೊಮ್ಮೆ ತಿರುಗಿ ನೋಡಿದಳು. ಆಮೇಲೆ ಹೇಳಿದಳು:

"ಹಾಗಾದ್ರೆ ನಾನು ಆ ಜಾಗ ಹೇಳೋದಿಲ್ಲ. ಆದ್ರೆ ಅಂಥ ನೀರು ಮತ್ತೆಲ್ಲೂ ಇಲ್ಲ. ಎಲ್ಲಾ ಕಡೆ ತೆರೆ. ನಾನೆಲ್ಲಿ ಓಡಲಿ?"

ಮಾಸ್ತರರು ಹೇಳಿದರು: "ತೆರೆಯ ಮೇಲೆ ಓಡು."