ಬಹುದು ಎಂದ ದುಭಾಷಿ

ಇಂಗ್ಲಿಷ್ ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಹೋಗು, ಬಾ, ಕೊಡು ಎಂಬ ಕ್ರಿಯಾಪದಗಳೆಲ್ಲ ಬಾಯಿಪಾಠವಾಗಿವೆ. ಅವುಗಳ ಮುಂದೆ ಬರುವ ಕ್ಯಾನ್, ಮೇ, ಮಸ್ಟ್ ಮಾತ್ರ ತಲೆಗೆ ಹತ್ತುವುದಿಲ್ಲ. ಅಷ್ಟು ಚಿಕ್ಕ ಪದಗಳನ್ನು ಬಿಟ್ಟರೆ ಏನು ನಷ್ಟ?"

ಗುರುಗಳು ಹೇಳಿದರು:

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಒಂದು ಮಧ್ಯಾಹ್ನ ಅವನು ಬುತ್ತಿ ಬಿಚ್ಚಿ ಕೂತಾಗ ಇಂಗ್ಲಿಷ್ ವೈದ್ಯೆಯೊಬ್ಬಳು ಓಡೋಡಿ ಬಂದಳು. ಆಚೆ ದಡದ ಊರಿನಲ್ಲಿ ಒಬ್ಬ ಹೆಂಗಸು ಎರಡು ದಿನದಿಂದ ಹೆರಿಗೆಯಾಗದೆ ನರಳುತ್ತಿದ್ದಳು. ಅಂಬಿಗನಿಗೆ ಅದು ತಿಳಿಯದು. ವೈದ್ಯೆಗೆ ಕನ್ನಡ ಬಾರದು. ಜೊತೆಗಿದ್ದ ದುಭಾಷಿಯೂ ನಿನ್ನಂತೆಯೇ ದೊಡ್ಡ ಪದಗಳನ್ನು ಕಲಿತು ಚಿಕ್ಕವನ್ನು ಬಿಟ್ಟವನು. ಅವನಿಗೆ ಕ್ಯಾನ್ ಎಂದರೂ ಬಹುದು, ಮಸ್ಟ್ ಎಂದರೂ ಬಹುದು. ಸ್ವಂತ ಮಾತು ಒಂದೂ ಸೇರಿಸಬಾರದು ಎಂಬ ನೇಮ ಬೇರೆ.

ಹೊಳೆ ದಾಟಿಸಬಲ್ಲೆಯಾ ಎಂದು ವೈದ್ಯೆ ಕೇಳಿದಳು. ನೀನು ದಾಟಿಸಬಹುದಂತೆ ಎಂದ ದುಭಾಷಿ. ಅಂಬಿಗ ಆಗಲಿ ಎಂದು ತಲೆಯಾಡಿಸಿ ಮುದ್ದೆ ಮುರಿದ. ಈಗಲೇ ದಾಟಿಸಬೇಕು ಎಂದು ಅವಳು ದನಿ ಏರಿಸಿದಳು. ಈಗಲೂ ದಾಟಿಸಬಹುದಂತೆ ಎಂದ ದುಭಾಷಿ. ಅವಸರವೇನೂ ಇಲ್ಲವೆಂದು ತಿಳಿದ ಅಂಬಿಗ ಅವರಿಬ್ಬರನ್ನೂ ಊಟಕ್ಕೆ ಕರೆದ.

ವೈದ್ಯೆ ನೀರಿನತ್ತ ಓಡಿದಳು. ಹರಿಗೋಲಿನ ಹಗ್ಗ ಬಿಚ್ಚಿ, ಹತ್ತಿ, ತಾನೇ ಹುಟ್ಟು ಹಿಡಿದಳು. ಹುಟ್ಟು ತಲೆಕೆಳಗಾಗಿತ್ತು. ಹರಿಗೋಲು ಇದ್ದಲ್ಲೇ ಗಿರಗಿರನೆ ಸುತ್ತಿತು. ನಗಲು ಹೊರಟ ಅಂಬಿಗ ಅವಳ ಕಣ್ಣಲ್ಲಿ ನೀರು ಕಂಡ. ಎಂಜಲು ಕೈಯಲ್ಲೇ ನೀರಿಗೆ ಧುಮುಕಿ, ದುಭಾಷಿಯನ್ನೂ ಹತ್ತಿಸಿಕೊಂಡು ಹುಟ್ಟು ಹಾಕಿದ. ಅಷ್ಟು ಬೇಗ ಅವನು ಎಂದೂ ಆ ಹೊಳೆ ದಾಟಿರಲಿಲ್ಲ.

ಇಳಿಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು. ಮನೆಯವರು ಎಲ್ಲರ ಕೈಗೂ ಬೆಲ್ಲ ಹಾಕಿದರು. ದುಭಾಷಿ ಮಾತ್ರ ಬೆಲ್ಲ ಬಾಯಿಗಿಡದೆ ತಲೆ ತಗ್ಗಿಸಿ ಕೂತಿದ್ದ. ಅಂಬಿಗ ಅವನ ಪಕ್ಕ ಕೂತು ಹೇಳಿದ: "ಸ್ವಾಮಿ, ಬೇಕು ಎಂದಿದ್ದರೆ ಊಟ ಬಿಟ್ಟು ಏಳುತ್ತಿದ್ದೆ. ಬಹುದು ಎಂದಿರಿ. ಅದಕ್ಕೇ ಉಂಡೆ. ಈಗ ಬೆಲ್ಲ ತಿನ್ನಿ."

ಶಿಷ್ಯ ನಕ್ಕ. "ತಿಳಿಯಿತು ಗುರುಗಳೇ. ಆ ಪದಗಳನ್ನು ನಾನು ಕಲಿಯಬೇಕು" ಎಂದ.

ಗುರುಗಳೂ ನಕ್ಕರು. "ಕಲಿಯಬೇಕು ಎಂದೆ, ಮಗು, ಕಲಿಯುತ್ತೇನೆ ಎನ್ನಲಿಲ್ಲ."