ಸೂರ್ಯಪ್ಪ ಮಗು ನೋಡಕ್ಕೆ ಬಂದಿದ್ದು

ಬಾರೇ ಚೆನ್ನಿ, ಅತ್ತಿದ್ದು ಸಾಕು, ಮೂಗು ಒರೆಸ್ಕೊ. ಹುಟ್ಟಿ ಹದಿನೈದು ದಿನ ಆಗಿರೋ ತಮ್ಮನ್ನ ಮಟಮಟ ಮಧ್ಯಾಹ್ನ ಅಂಗಳಕ್ಕೆ ಎತ್ಕೊಂಡು ಹೋದ್ರೆ ನಿಮ್ಮಮ್ಮ ಬೈಯದೆ ಮುದ್ದು ಮಾಡ್ತಾಳಾ? ಅವನಿಗೆ ಕರು ತೋರ್ಸಕ್ಕೆ ಹೋಗಿದ್ದೆ, ಗೊತ್ತು ಬಿಡು. ನಿನ್ನ ಹಾಗೇ ಪ್ರೀತಿಯಿಂದಾನೇ ತಪ್ಪು ಮಾಡಿದವನೊಬ್ಬ ಇದ್ದ, ಅವನ ಕತೆ ಹೇಳ್ತೀನಿ. ಹೂಂಗುಟ್ಟಬೇಕು ಮತ್ತೆ, ಇಲ್ಲಾಂದ್ರೆ ನಿಲ್ಲಿಸ್ಬಿಡ್ತೀನಿ.

ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲ. ಆಗ ಕೆಂಚವ್ವ ಅಂತ ಒಬ್ಬಳು ಕುರುಬರ ಹೆಣ್ಣುಮಗಳು ಇದ್ದಳಂತೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವಳಿಗೆ ಒಂದು ಗಂಡುಮಗು ಆಯ್ತಂತೆ. ಬಾಣಂತಿ ಅಂತ ಕೂರಕ್ಕಾಗತ್ತಾ? ಕುರಿಗೆ ಮೇವು ಮುಗಿದಿತ್ತು, ನೀರಿರೋ ಹಳ್ಳ ಮೂರು ದಿನದ ದಾರಿ. ಗಂಡ ಕುರಿ ಹೊಡ್ಕೊಂಡು ಮುಂದೆ, ಇವಳು ಮಗೂನ ಎತ್ಕೊಂಡು ಅತ್ತೆ ಜೊತೆ ಹಿಂದೆ, ಹೊರಟರಂತೆ.

ಮೊದಲನೇ ದಿನ ಮಧ್ಯಾಹ್ನ ಒಂದು ಜಾಲಿಮರದ ಕೊಂಬೆಗೆ ಸೀರೆ ಕಟ್ಟಿ, ಅದರಲ್ಲಿ ಮಗು ಮಲಗಿಸಿದಳಂತೆ. ಮಗು ಒಂದು ಸಲ ಅತ್ತಿದ್ದೇ ತಡ, ಮೇಲೆ ಹೋಗ್ತಿದ್ದ ಸೂರ್ಯಪ್ಪನ ಕಿವಿಗೆ ಬಿತ್ತಂತೆ. ಅರೆರೆ, ಯಾರದಪ್ಪಾ ಈ ಹೊಸ ದನಿ ಅಂತ ಅವನು ಬಗ್ಗಿದನಂತೆ. ಜಾಲಿಮರದ ನೆರಳು ಎಷ್ಟಿರತ್ತೆ ಹೇಳು? ಅವನು ಬಗ್ಗಿದ ಹಾಗೆ ಅದೂ ಸರಿದು ಹೋಯ್ತಂತೆ. ಮಗುವಿನ ಕೆನ್ನೆ ಕೆಂಪಾಯ್ತಂತೆ.

ಎರಡನೇ ದಿನ ಮರಾನೇ ಇಲ್ಲ, ಬರೀ ಬಯಲು. ಕೆಂಚವ್ವ ಸೆರಗು ಮುಚ್ಚಿಕೊಂಡು ನಡೆದಳಂತೆ. ಅಯ್ಯೋ ಮುಖಾನೇ ತೋರಿಸ್ತಿಲ್ವಲ್ಲ ಅಂತ ಸೂರ್ಯಪ್ಪ ಇನ್ನಷ್ಟು ಬಗ್ಗಿದನಂತೆ. ಸವೆದ ಸೆರಗು, ಅದರೊಳಗಿಂದ ಬಿಸಿಲು ತೂರಿ ಬಂತಂತೆ. ಮಗು ಮೈ ರೊಟ್ಟಿ ಹಂಚಿನ ಥರ ಬಿಸಿಯಾಯ್ತಂತೆ.

ಆಮೇಲೆ ಮೂರನೇ ದಿನ ಅವಳೇನು ಮಾಡಿದಳು ಗೊತ್ತಾ? ಗಂಡನ ಕರಿಕಂಬಳಿ ಇಸ್ಕೊಂಡು, ಮಗೂನ ತಲೆಯಿಂದ ಕಾಲವರೆಗೂ ಸುತ್ತಿಬಿಟ್ಟಳಂತೆ. ಕುರುಬರಿಗೆ ಮಳೆ ಬಂದ್ರೂ ಕಂಬಳಿ, ಚಳಿ ಆದ್ರೂ ಕಂಬಳಿ, ದೇವರನ್ನ ಕೂರಿಸಕ್ಕೂ ಕಂಬಳಿ. ಬಿಸಿಲಿಗೂ ಅದೇ ಸಾಕು ಅಂದ್ಕೊಂಡಳಂತೆ, ಹುಚ್ಚಿ! ಸೂರ್ಯಪ್ಪನೋ, ಇವತ್ತು ನೋಡೇ ನೋಡ್ತೀನಿ ಅಂತ ಪೂರ್ತಿ ಬಗ್ಗಿಬಿಟ್ಟನಂತೆ. ಮಗು ಅಳು ನಿಂತಿತು. ಸದ್ಯ, ನಿದ್ದೆ ಹೋಯ್ತು ಅಂತ ಕೆಂಚವ್ವ ಬೇಗಬೇಗ ಹೆಜ್ಜೆ ಹಾಕಿದಳಂತೆ.

ಹಿಂದಿಂದ ಅತ್ತೆ ಕೇಳಿದಳಂತೆ, ಎಷ್ಟೊತ್ತಾಯ್ತೇ ಕೂಸು ಅತ್ತು? ಬಿಚ್ಚು, ಬಿಚ್ಚೇ ಮೊದಲು! ಬಿಚ್ಚಿ ನೋಡಿದರೆ ಮಗು ಬೆವೆತು ತೊಯ್ದು ಹೋಗಿದೆ, ಕೈಕಾಲು ಜೋತುಬಿದ್ದಿದೆ, ಬಾಯಿ ಒಣಗಿದೆ. ಅತ್ತೆ ಕೂಗಿ ಮಗನ್ನ ಕರೆದಳಂತೆ. ಅವನು ಓಡಿ ಬಂದು ನಾಕು ಕೋಲು ನೆಟ್ಟ, ಅದೇ ಕಂಬಳೀನ ಮೇಲೆ ಎತ್ತಿ ಚಪ್ಪರ ಹಾಕಿದ. ನಾಕೂ ಕಡೆಯಿಂದ ಗಾಳಿ ಆಡಿತು. ಅತ್ತೆ ಒದ್ದೆ ಬಟ್ಟೇಲಿ ಮಗು ಮೈ ಒರೆಸಿದಳು. ಕೆಂಚವ್ವ ಮೊಲೆ ಬಾಯಿಗಿಟ್ಟು ನನ್ನಪ್ಪಾ, ಕುಡಿಯೋ, ಒಂದು ಗುಟುಕು ಕುಡಿಯೋ ಅಂತ ಅತ್ತಳಂತೆ.

ಏಯ್, ಅಳಬೇಡ್ವೇ. ಕುಡೀತು, ಕುಡೀತು. ನಿಧಾನಕ್ಕೆ ಚೀಪಿತಂತೆ, ಆಮೇಲೆ ಕಿಟಾರನೆ ಕಿರುಚಿತಂತೆ. ಆ ಕಿರುಚಾಟ ಕೇಳಿ ಮೂರೂ ಜನ ನಕ್ಕುಬಿಟ್ಟರಂತೆ.

ಆಮೇಲೆ ಕೆಂಚವ್ವ ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಸೂರ್ಯಪ್ಪನಿಗೇ ಬೈದಳಂತೆ. ಏನೋ ನಿನಗೆ ಕಣ್ಣಿಲ್ವಾ, ಕರುಳಿಲ್ವಾ, ಒಂಬತ್ತು ವರ್ಷಕ್ಕೆ ಹುಟ್ಟಿದ್ದು ಕಣೋ ಇದು!

ಸೂರ್ಯಪ್ಪನಿಗೆ ಗಾಬರಿ ಆಯ್ತಂತೆ. ತಾಯೀ, ಮಗು ನೋಡಕ್ಕೆ ಊರವರೆಲ್ಲ ಬರ್ತಾರೆ, ನಾನು ಬಂದರೆ ಮಾತ್ರ ಬಾಗಿಲು ಹಾಕ್ತಾರೆ. ಒಂದು ಸಲ ಮುಖ ನೋಡಿ ಹೋಗೋಣ ಅಂತ ಬಗ್ಗಿದೆ. ನಾನು ಹತ್ತಿರ ಬಂದ್ರೆ ಸುಡತ್ತೆ ಅಂತ ನನಗೆ ಯಾರೂ ಹೇಳೇ ಇಲ್ವಲ್ಲ, ಅಂತ ಅತ್ತೇಬಿಟ್ಟನಂತೆ.

ಕೆಂಚವ್ವನ ಕೋಪ ಅಲ್ಲಿಗೆ ಇಳೀತಂತೆ. ಅವನೂ ಪಾಪ ಅಲ್ವಾ? ಅವಳು ಹೇಳಿದಳಂತೆ, ನೋಡಪ್ಪಾ, ಈ ಹೊತ್ತಲ್ಲಿ ನೀನು ದೊಡ್ಡ ಗಂಡಸು, ನಿನ್ನ ಕೈ ಒರಟು. ಬೆಳಿಗ್ಗೆ ಹುಟ್ಟೋವಾಗ ನೀನೂ ಕೂಸೇ, ಆಗ ಬಾ. ಒಂದು ಚೊಂಬು ಹಾಲು ಕರೆಯೋಷ್ಟು ಹೊತ್ತು ನೋಡು, ಮಾತಾಡ್ಸು, ಹೊರಡು.

ಮಾರನೇ ದಿನ ಅವರು ಹಳ್ಳದ ಪಕ್ಕ ಇದ್ದರಂತೆ. ಸೂರ್ಯಪ್ಪ ಬೆಟ್ಟದ ಹಿಂದಿಂದ ಮೆಲ್ಲಗೆ ಇಣುಕಿದನಂತೆ, ಎಲ್ಲಿ ಸುಟ್ಟುಬಿಡ್ತೀನೋ ಅಂತ ಅವನಿಗೇ ಹೆದರಿಕೆ. ಕೆಂಚವ್ವ ಮಗುವಿನ ಮುಖಕ್ಕೆ ಕೈ ಅಡ್ಡ ಹಿಡಿದು, ಕಾಲು ಮಾತ್ರ ಚಾಚಿದಳಂತೆ. ಅವನು ಒಂದು ಬೆರಳಲ್ಲಿ ಅಂಗಾಲು ಮುಟ್ಟಿದನಂತೆ. ಮಗು ಬೊಚ್ಚುಬಾಯಿ ಬಿಟ್ಟು ನಕ್ಕಿತಂತೆ! ಸಾಕು ತಾಯೀ, ಸಾಕು ಅಂತ ಅವನು ಕಣ್ಣೊರೆಸ್ಕೊಂಡು ಮೇಲೆ ಹೋದನಂತೆ. ಕೆಂಚವ್ವ ಮಗೂನ ನೆರಳಿಗೆ ಕರ್ಕೊಂಡು ಹೋದಳಂತೆ. ಅವತ್ತಿಂದ ಅವನು ಬೆಳಿಗ್ಗೆ ಅಷ್ಟು ಮೆತ್ತಗೆ ಬರೋದು.

ಏನಂದೆ? ನಾಳೆ ನೀನೂ ತಮ್ಮನ್ನ ತೋರಿಸ್ತೀಯಾ? ತೋರ್ಸು ಕಂದಾ. ಕೋಳಿ ಕೂಗಿದ ಮೇಲೆ ನಾನು ಜಗುಲಿ ಮೇಲೆ ಅವನನ್ನ ತೊಡೇಲಿ ಹಾಕ್ಕೊಂಡು ಕೂತಿರ್ತೀನಿ. ಅವನ ಮುಖಕ್ಕೆ ಕೈ ಅಡ್ಡ ಹಿಡಿಯೋ ಕೆಲಸ ನಿಂದು, ಬೇರೆ ಯಾರಿಗೂ ಕೊಡಲ್ಲ. ಕತೆ ಕೆಂಚವ್ವನ ಹಟ್ಟಿಗೆ ಹೋಯ್ತು, ನಿದ್ದೆ ನಿನ್ನ ಕಣ್ಣಿಗೆ ಬಂತು. ಮಲಕ್ಕೊ ನನ್ನ ಬಂಗಾರ.