ಹೊಳೆಯಲ್ಲಿ ಏಳನೆಯವಳು

"ಗುರುಗಳೇ, ಆಟವನ್ನೇ ಬದುಕು ಮಾಡಿಕೊಳ್ಳುವವರಿಗೆ ಯಾವ ಆಟ ಒಳ್ಳೆಯದು?"

ಕೇಳಿದವಳು ಕಸ್ತೂರಿ. ಹದಿನೆಂಟು ವರ್ಷದವಳು. ದ್ಯಾವಪ್ಪನವರ ವ್ಯಾಯಾಮಶಾಲೆಯಲ್ಲಿ ಎಂಟು ವರ್ಷಗಳಿಂದ ಕಲಿಯುತ್ತಿದ್ದಳು. ಕಬಡ್ಡಿ ತಂಡದವರು ಅವಳನ್ನು ಕರೆದಿದ್ದರು. ಓಟದ ತರಬೇತಿ ಕೇಂದ್ರದವರೂ ಕರೆದಿದ್ದರು. ಕುಸ್ತಿಯಲ್ಲಿ ಅವಳು ಜಿಲ್ಲೆಗೇ ಮೊದಲಿಗಳು, ಅಲ್ಲಿಂದಲೂ ಕರೆ ಬಂದಿತ್ತು. ನಾಳೆ ಸಂಜೆಯೊಳಗೆ ಒಬ್ಬರಿಗೆ ಹೂಂ ಎನ್ನಬೇಕು, ಉಳಿದಿಬ್ಬರಿಗೆ ಇಲ್ಲ ಎನ್ನಬೇಕು. ಅವಳ ದನಿಯಲ್ಲಿ ಗಾಬರಿಗಿಂತ ಸಂಭ್ರಮವೇ ಹೆಚ್ಚಿತ್ತು. ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಕಬಡ್ಡಿಯಲ್ಲಿ ಬೇಗ ಹೆಸರು ಬರುತ್ತದಂತೆ. ಓಟದವರಿಗೆ ಸರ್ಕಾರಿ ನೌಕರಿ ಸಿಗುತ್ತದಂತೆ. ಕುಸ್ತಿಯಲ್ಲಿ ಗೆದ್ದರೆ ದೇಶವೇ ತಿರುಗಿ ನೋಡುತ್ತದಂತೆ. ನೀವೇ ಹೇಳಿಬಿಡಿ, ಯಾವುದು?"

ದ್ಯಾವಪ್ಪನವರು ಕಟ್ಟೆಯ ಮೇಲೆ ಕುಳಿತರು. ಅವಳಿಗೂ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ನಾಡಿನ ದೊರೆಗೆ ಆಟವೆಂದರೆ ಪ್ರಾಣ. ಸೈನಿಕರನ್ನು ಸಾಕಿದಂತೆ ಅವನು ಆಟಗಾರರನ್ನು ಸಾಕುತ್ತಿದ್ದ. ಅವನ ರಾಜಧಾನಿಯಲ್ಲಿ ಓಟಗಾರರಿಗೆ ಒಂದು ಕೇರಿ ಇತ್ತು. ಬಿಲ್ಲುಗಾರರಿಗೆ ಒಂದು. ಈಜುವವರಿಗೆ ಹೊಳೆಯ ದಂಡೆಯಲ್ಲಿ ಒಂದು. ಕೇರಿ ಸೇರಿದವರಿಗೆ ಬದುಕಿರುವವರೆಗೆ ಊಟ, ಮನೆ, ಮರ್ಯಾದೆ. ಆದರೆ ಒಂದು ಕೇರಿ ಸೇರಿದವರು ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ಅದು ದೊರೆಯ ಕಟ್ಟಳೆ.

ವರ್ಷಕ್ಕೊಮ್ಮೆ ಹೊಸಬರಿಗಾಗಿ ಮೂರು ದಿನ ಪಂದ್ಯ ನಡೆಯುತ್ತಿತ್ತು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ನಾಲ್ಕನೆಯ ದಿನ ಅವರೆಲ್ಲ ತಮಗೆ ಬೇಕಾದ ಕೇರಿಯ ಯಜಮಾನನ ಮುಂದೆ ಸಾಲಾಗಿ ನಿಲ್ಲಬೇಕು. ಪ್ರತಿ ಸಾಲಿನಿಂದ ಯಜಮಾನ ಮೂವರನ್ನು ಆರಿಸಿಕೊಳ್ಳುತ್ತಿದ್ದ.

ಆ ನಾಡಿನ ಒಂದು ಹಳ್ಳಿಯಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಒಬ್ಬಳೇ ಮಗಳು. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಅವಳಷ್ಟು ಜೋರಾಗಿ ಓಡುವವರಿರಲಿಲ್ಲ. ಬಿಲ್ಲು ಹಿಡಿದರೆ ಗುರಿ ತಪ್ಪುತ್ತಿರಲಿಲ್ಲ. ಕೆರೆಗೆ ಹಾರಿದರೆ ಎಲ್ಲರಿಗಿಂತ ಮೊದಲು ಆ ದಡ ಸೇರುತ್ತಿದ್ದಳು. ಮೂರು ಆಟದಲ್ಲೂ ಗೆದ್ದವಳು. ಗೆದ್ದಾಗಲೆಲ್ಲ ಜನ ಹಲಗೆ ಬಡಿದರು, ಹಾರ ಹಾಕಿದರು, ಅವಳು ಕುಣಿದಳು. ಮೂರು ಗೆಲುವಿನ ರುಚಿಯೂ ಒಂದೇ ಆಗಿತ್ತು. ಅದರಿಂದಲೇ ಅವಳಿಗೆ ಆರಿಸುವುದು ಕಷ್ಟವಾಯಿತು.

ಪಂದ್ಯದ ಕಾಲ ಹತ್ತಿರ ಬಂದಾಗ ಅವಳು ಸಿಕ್ಕಸಿಕ್ಕವರನ್ನು ಕೇಳಿದಳು. ಓಟ ನೋಡಲು ದೊರೆ ತಾನೇ ಬರುತ್ತಾನೆ, ಓಟವನ್ನೇ ಹಿಡಿ ಎಂದ ಊರ ಗೌಡ. ಈಜುವವರ ಮನೆಗಳಿಗೆ ಒಳ್ಳೆಯ ಗಾಳಿ ಬರುತ್ತದೆ ಎಂದಳು ಅವಳ ಸೋದರತ್ತೆ. ಕುಂಬಾರ ಮಾತ್ರ ಬಹಳ ಯೋಚನೆ ಮಾಡಿ ಹೇಳಿದ. ಕಾಲಿನ ಬಲ ಮೂವತ್ತಕ್ಕೆ ಇಳಿಯುತ್ತದೆ, ತೋಳಿನ ಬಲ ನಲವತ್ತಕ್ಕೆ ಇಳಿಯುತ್ತದೆ, ಕಣ್ಣು ಅರವತ್ತರವರೆಗೂ ಇರುತ್ತದೆ, ಆದ್ದರಿಂದ ಬಿಲ್ಲು. ಎಲ್ಲರ ಮಾತೂ ಅವಳಿಗೆ ಸರಿಯೆನಿಸಿತು. ತಂದೆಯ ಜೊತೆ ರಾಜಧಾನಿಗೆ ಹೊರಟಾಗಲೂ ಅವಳು ಯಾವುದನ್ನೂ ಗಟ್ಟಿಮಾಡಿರಲಿಲ್ಲ. ಮೂರರಲ್ಲೂ ಗೆದ್ದು ಆಮೇಲೆ ನೋಡೋಣ ಎಂದುಕೊಂಡಿದ್ದಳು.

ಮೊದಲ ದಿನ ಓಟ. ಕೋಟೆಯ ಬಾಗಿಲಿನಿಂದ ಹೊರಟು ಗುಡ್ಡದ ಮೇಲಿನ ಕಂಬ ಮುಟ್ಟಿ ಹಿಂದಿರುಗಬೇಕು. ಇಷ್ಟು ಜನರನ್ನು ಅವಳು ಹುಟ್ಟಿದಂದಿನಿಂದ ನೋಡಿರಲಿಲ್ಲ. ಕಹಳೆ ಕೂಗಿದ್ದೇ ತಡ, ಬಾಣದಂತೆ ಹೊರಟಳು. ಕಂಬವನ್ನು ಮುಟ್ಟಿದವರಲ್ಲಿ ಅವಳೇ ಮೊದಲಿಗಳು. ಇಳಿಜಾರಿನಲ್ಲಿ ಅವಳ ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ಕೋಟೆಯ ಬಾಗಿಲು ಕಾಣಿಸಿತು, ಜನರ ಕೂಗು ಕೇಳಿಸಿತು, ಅಷ್ಟರಲ್ಲಿ ಪಕ್ಕದಲ್ಲಿ ಯಾರದೋ ಉಸಿರು. ಒಬ್ಬ ಕುರುಬರ ಹುಡುಗಿ ಎರಡೇ ಹೆಜ್ಜೆಯಿಂದ ಮುಂದೆ ಹೋದಳು.

ಕುಂಬಾರನ ಮಗಳು ನೀರು ಕುಡಿದಳು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದಳು. ಕಲ್ಲು ಚುಚ್ಚಿತು ಎಂದಳು. ಅರ್ಧ ಗಳಿಗೆಯಲ್ಲಿ ಎಲ್ಲ ಮರೆತು ಪೇಟೆ ನೋಡಲು ಹೋದಳು. ಆ ಹುಡುಗಿ ಹೇಗೆ ಗೆದ್ದಳು ಎಂದು ಅವಳಿಗೆ ಒಮ್ಮೆಯೂ ಕೇಳಬೇಕೆನಿಸಲಿಲ್ಲ.

ಎರಡನೆಯ ದಿನ ಬಿಲ್ಲು. ಕೊನೆಗೆ ಉಳಿದವರು ಇಬ್ಬರೇ, ಅವಳು ಮತ್ತು ಒಬ್ಬ ಅಕ್ಕಸಾಲಿಗನ ಸೊಸೆ. ಕುಂಬಾರನ ಮಗಳ ಬಾಣ ಗುರಿಯಿಂದ ಒಂದು ಗೋಧಿ ಕಾಳಿನಷ್ಟು ಆಚೆ ನಟ್ಟಿತು. ಅವಳು ಬಿಲ್ಲನ್ನು ಕೆಳಗೆ ಹಾಕಿ ತಂದೆಯ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು. ಇಷ್ಟು ಜನರೆದುರು ಮಾನ ಹೋಯಿತಲ್ಲ ಎಂಬುದೊಂದೇ ಅವಳಿಗೆ ಸಂಕಟ. ಮಧ್ಯಾಹ್ನದ ಊಟ ಸೇರಲಿಲ್ಲ. ಗೆದ್ದವಳ ಕಡೆಗೆ ತಿರುಗಿಯೂ ನೋಡಲಿಲ್ಲ.

ಮೂರನೆಯ ದಿನ ಈಜು.

ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಎದುರು ದಡದ ಬಂಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಅದನ್ನು ಮುಟ್ಟಬೇಕು. ಇಳಿದವರು ಏಳು ಮಂದಿ. ಅವರಲ್ಲಿ ಒಬ್ಬಳು ಬೆಸ್ತರ ಹೆಂಗಸು. ನಾಲ್ಕು ಮಕ್ಕಳ ತಾಯಿ. ಕೂದಲು ಅಲ್ಲಲ್ಲಿ ನರೆತಿತ್ತು. ಈ ವಯಸ್ಸಿನಲ್ಲಿ ಇವಳಿಗೇಕೆ ಈ ಸಾಹಸ ಎಂದು ಜನ ನಕ್ಕರು.

ಕಹಳೆ ಕೂಗಿತು. ಏಳು ಮಂದಿಯೂ ಹಾರಿದರು. ಕುಂಬಾರನ ಮಗಳಿಗೆ ಕೆರೆಯ ನೀರು ಗೊತ್ತಿತ್ತು, ಹರಿಯುವ ನೀರು ಗೊತ್ತಿರಲಿಲ್ಲ. ಸೆಳವು ಅವಳನ್ನು ಹಿಡಿದು ಎಳೆಯಿತು. ಒಂದು ಮಾರು ಮುಂದೆ ಹೋದರೆ ಎರಡು ಮಾರು ಪಕ್ಕಕ್ಕೆ ಒಯ್ಯುತ್ತಿತ್ತು. ಅವಳು ತಲೆಯೆತ್ತಿ ನೋಡಿದಳು. ಐದು ತಲೆಗಳು ಕಂಡವು. ಬೆಸ್ತರ ಹೆಂಗಸಿನ ತಲೆ ಕಾಣಲಿಲ್ಲ. ದಡದಲ್ಲಿ ಜನ ಕಿರುಚಿದರು, ಹೋದಳು ಹೋದಳು ಎಂದರು. ಅಷ್ಟರಲ್ಲಿ ಬಂಡೆಯ ಬುಡದಲ್ಲಿ ನೀರು ಸೀಳಿತು. ಬೆಸ್ತರ ಹೆಂಗಸು ಎದ್ದು ಬಿಳಿ ಬಟ್ಟೆಯನ್ನು ಮುಟ್ಟಿದಳು! ಉಳಿದವರು ಇನ್ನೂ ಹೊಳೆಯ ನಡುವೆಯೇ ಇದ್ದರು.

ಕುಂಬಾರನ ಮಗಳು ಏಳನೆಯವಳಾಗಿ ದಡ ಸೇರಿದಳು. ಮೂಗಿನಲ್ಲಿ ನೀರು, ಮೊಣಕಾಲಿನಲ್ಲಿ ರಕ್ತ. ಅವಳು ಅದನ್ನು ನೋಡಿಕೊಳ್ಳಲಿಲ್ಲ. ಕೆಮ್ಮುತ್ತಲೇ ಓಡಿಹೋಗಿ ಆ ಹೆಂಗಸಿನ ಕೈ ಹಿಡಿದುಕೊಂಡಳು.

"ಅಕ್ಕಾ, ಎಲ್ಲಿಗೆ ಹೋಗಿದ್ದಿರಿ? ನೀರೊಳಗೆ ಏನು ಮಾಡಿದಿರಿ? ಹೇಳಿ ಅಕ್ಕಾ!"

"ಹೊಳೆ ಮೇಲೆ ಎಷ್ಟು ಓಡುತ್ತದೋ ತಳದಲ್ಲಿ ಅಷ್ಟು ಓಡುವುದಿಲ್ಲ ಮಗಳೇ," ಎಂದಳು ಆಕೆ. "ನಾನು ತಳ ಹಿಡಿದು ಬಂದೆ."

"ತೋರಿಸುತ್ತೀರಾ? ಈಗಲೇ?"

ಆಕೆ ಇನ್ನೂ ಏದುಸಿರು ಬಿಡುತ್ತಿದ್ದಳು. ಆದರೆ ಹುಡುಗಿಯ ಮುಖ ನೋಡಿ ನಕ್ಕುಬಿಟ್ಟಳು. ಕೊರಳಿನ ಹಾರ ತೆಗೆದು ಬಂಡೆಯ ಮೇಲಿಟ್ಟು ಮತ್ತೆ ನೀರಿಗಿಳಿದಳು.

ಜನ ಮನೆಗೆ ಹೋದರು. ಹಲಗೆಯವರೂ ಹೋದರು. ಕುಂಬಾರ ಬುತ್ತಿ ಹಿಡಿದುಕೊಂಡು ದಡದಲ್ಲಿ ಕೂಗಿ ಕೂಗಿ ಸೋತ. ಅವನ ಮಗಳು ಮುಳುಗುತ್ತಿದ್ದಳು, ಉಸಿರು ಕಟ್ಟಿ ಮೇಲೇಳುತ್ತಿದ್ದಳು, ಮತ್ತೆ ಮುಳುಗುತ್ತಿದ್ದಳು. ಸಂಜೆಯ ಹೊತ್ತಿಗೆ ಒಮ್ಮೆ, ಒಂದೇ ಒಮ್ಮೆ, ಅವಳ ಕೈಗೆ ತಳದ ಮರಳು ಸಿಕ್ಕಿತು. ಅಲ್ಲಿ ನೀರು ನಿಜವಾಗಿಯೂ ಮೆತ್ತಗಿತ್ತು. ಅವಳು ಮೇಲೆದ್ದು ಹೊಳೆಗೆ ಹೊಳೆಯೇ ಕೇಳುವಂತೆ ಕೇಕೆ ಹಾಕಿದಳು.

ಮರುದಿನ ಅವಳು ಈಜುಗಾರರ ಯಜಮಾನನ ಮುಂದಿನ ಸಾಲಿನಲ್ಲಿ ನಿಂತಳು.

ಕುಂಬಾರ ಓಡಿ ಬಂದು ಅವಳ ತೋಳು ಹಿಡಿದ. "ತಲೆ ಕೆಟ್ಟಿತೇ ನಿನಗೆ? ಓಟದಲ್ಲಿ ಎರಡು ಹೆಜ್ಜೆ, ಬಿಲ್ಲಿನಲ್ಲಿ ಒಂದು ಕಾಳು. ಅವರು ಈಗಲೇ ನಿನ್ನನ್ನು ಸೇರಿಸಿಕೊಳ್ಳುತ್ತಾರೆ. ಇಲ್ಲಿ ನೀನು ಕಡೆಯವಳು."

"ಗೊತ್ತು ಅಪ್ಪ," ಎಂದಳು. ಅಲ್ಲಿಂದ ಕದಲಲಿಲ್ಲ.

ಯಜಮಾನ ಮೂವರನ್ನು ಆರಿಸಿದ. ಬೆಸ್ತರ ಹೆಂಗಸು ಅವರಲ್ಲಿ ಮೊದಲಿಗಳು. ಕುಂಬಾರನ ಮಗಳನ್ನು ಅವನು ತಲೆಯೆತ್ತಿಯೂ ನೋಡಲಿಲ್ಲ.

ಕುಂಬಾರ ಒಬ್ಬನೇ ಊರಿಗೆ ಹೋದ. ಮಗಳು ರಾಜಧಾನಿಯಲ್ಲೇ ಉಳಿದಳು. ಅಲ್ಲಿನ ಕುಂಬಾರರ ಬೀದಿಯಲ್ಲಿ ಹಗಲೆಲ್ಲ ಮಣ್ಣು ತುಳಿದು ಹೊಟ್ಟೆ ಹೊರೆದಳು. ಬೆಳಗ್ಗೆ ಸಂಜೆ ಹೊಳೆಗೆ ಹೋದಳು. ಬೆಸ್ತರ ಹೆಂಗಸು ತನಗೆ ತಿಳಿದುದನ್ನು ಒಂದೂ ಬಿಡದೆ ಕಲಿಸಿದಳು. ಮರುವರ್ಷ ಹುಡುಗಿ ಪಂದ್ಯದಲ್ಲಿ ಮೂರನೆಯವಳಾಗಿ ಬಂಡೆ ಮುಟ್ಟಿದಳು. ಯಜಮಾನ ಹೆಸರು ಕೂಗಿದಾಗ, ಹಿಂದಿನ ದಿನವೇ ಬಂದು ಕಾದಿದ್ದ ಕುಂಬಾರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಅವಳು ಮೂವತ್ತು ವರ್ಷ ದೊರೆಯ ಹೊಳೆಯಲ್ಲಿ ಈಜಿದಳು. ಕೇರಿಯವರ ದೊಡ್ಡ ಪಂದ್ಯವನ್ನು ಹನ್ನೊಂದು ಸಲ ಗೆದ್ದಳು. ಉಳಿದ ಹತ್ತೊಂಬತ್ತು ವರ್ಷ ಸೋತಳು. ತಾನು ಬೇರೆ ಕೇರಿಗೆ ಹೋಗಬೇಕಿತ್ತು ಎಂದು ಒಂದು ದಿನವೂ ಅವಳು ಅಂದದ್ದನ್ನು ಕೇಳಿದವರಿಲ್ಲ.

ದ್ಯಾವಪ್ಪನವರು ಕತೆ ನಿಲ್ಲಿಸಿದರು.

ಕಸ್ತೂರಿ ಮುಂದಕ್ಕೆ ಬಾಗಿ ಕುಳಿತಿದ್ದಳು. ತಾನೇ ಹೊಳೆ ದಾಟಿ ಬಂದವಳಂತೆ ಉಸಿರಾಡುತ್ತಿದ್ದಳು. "ಹಾಗಾದರೆ ಗುರುಗಳೇ," ಎಂದಳು, "ನಾನು ಹೆಚ್ಚು ಸಲ ಸೋತ ಆಟವನ್ನೇ ಹಿಡಿಯಬೇಕೇ?"

"ಅಲ್ಲ," ಎಂದರು ದ್ಯಾವಪ್ಪನವರು. "ಯಾವ ಆಟದಲ್ಲಿ ಸೋತು ಬಂದ ದಿನ, ಮತ್ತೆ ಆಡಲು ಇನ್ನೂ ಬೆಳಗಾಗಲಿಲ್ಲವಲ್ಲ ಎಂದು ನಿನಗೆ ಅನ್ನಿಸಿತ್ತು?"

ಕಸ್ತೂರಿ ಕಟ್ಟೆಯಿಂದ ಇಳಿದಳು. ತಾನು ಸೋತ ದಿನಗಳನ್ನು ಒಂದೊಂದಾಗಿ ಬೆರಳಿನಲ್ಲಿ ಎಣಿಸತೊಡಗಿದಳು.